ವಲ್ಲಿಯೊಳಗಿನ ಕೈ

ಎದುರಿಗಿದ್ದ ವ್ಯಾಪಾರ ಇಷ್ಟೇ: ಒಂದು ಕಡೆ ಒಂದು ಜೋಡಿ ಖಿಲಾರಿ ಎತ್ತು, ಇನ್ನೊಂದು ಕಡೆ ಮೊಮ್ಮಗಳ ಒಂದು ಕಾಲು. ಎತ್ತು ಮಾರಿದರೆ ಕಾಲಿನ ಆಪರೇಶನ್ನಿಗೆ ದುಡ್ಡು ಒದಗುತ್ತಿತ್ತು. ಮಾರದಿದ್ದರೆ ಎತ್ತು ಉಳಿಯುತ್ತಿತ್ತು, ಕಾಲು ಇದ್ದಂತೆಯೇ ಇರುತ್ತಿತ್ತು. ಎತ್ತಿನ ಒಡೆಯ ದಲಾಲಿ ಈರಬಸಪ್ಪ. ಗಿರಾಕಿಗಳಿಗೇನೂ ಬರವಿರಲಿಲ್ಲ. ಆದರೂ ವ್ಯಾಪಾರ ಕುದುರಿರಲಿಲ್ಲ, ಏಕೆಂದರೆ ದೇವರೇ ಬೇಡವೆಂದಿದ್ದಾನೆ ಎಂಬುದು ಈರಬಸಪ್ಪನ ಮಾತು. ಆ ಗಂಟನ್ನು ಪೂಜ್ಯ ಶ್ರೀ ಗೂಳಯ್ಯಜ್ಜನವರು ಬಿಡಿಸಿದ ಬಗೆಯನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ. ಕಂಡದ್ದನ್ನಷ್ಟೇ ಬರೆಯುತ್ತೇನೆ. ತೂಕ ಹೆಚ್ಚಲೆಂದು ಮಣ್ಣು ಬೆರೆಸುವುದು ದನದ ಹಿಂಡಿ ಮಾರುವ ನಮ್ಮ ಕಸುಬಿನಲ್ಲೂ ಪಾಪವೇ.

ಬಾನಿಕೊಪ್ಪದಲ್ಲಿ ಪೂಜ್ಯರ ಮಠವೆಂದರೆ ದನದ ಸಂತೆಯ ಬಯಲಿನ ಅಂಚಿಗೆ ಮಣ್ಣಿನ ಮಾಳಿಗೆಯ ಎರಡು ಅಂಕಣ, ಮುಂದೆ ಒಂದು ಬೇವಿನ ಮರ, ಒಂದು ಸೇದುವ ಬಾವಿ, ಬಾವಿಯ ಮಗ್ಗುಲಿಗೆ ದನಗಳು ನೀರು ಕುಡಿಯುವ ಉದ್ದನೆಯ ಕಲ್ಲಬಾನಿ. ಇಷ್ಟೇ ಆಸ್ತಿ. ಸಂತೆಯ ದಿನ ಪೂಜ್ಯರು ಲಿಂಗಪೂಜೆ ಮುಗಿಸಿ ನೇರವಾಗಿ ಬಾವಿಗೆ ಬರುತ್ತಿದ್ದರು. ಕಚ್ಚೆ ಬಿಗಿದು, ಕೊಡ ಸೇದಿ ಸೇದಿ ಬಾನಿ ತುಂಬಿಸುತ್ತಿದ್ದರು. ದೂರದಿಂದ ನಡೆದು ಬಂದ ದನಗಳು ಕುಡಿಯುತ್ತಲೇ ಇರುತ್ತಿದ್ದವು, ಪೂಜ್ಯರು ಸೇದುತ್ತಲೇ ಇರುತ್ತಿದ್ದರು. ಭಕ್ತರು ಹಗ್ಗಕ್ಕೆ ಕೈ ಚಾಚಿದರೆ, "ನಿಮಗ ಬ್ಯಾರೆ ಕೆಲಸ ಐತಿ, ನನಗ ಇದ ಐತಿ" ಎಂದು ಕೊಡುತ್ತಿರಲಿಲ್ಲ. ದರ್ಶನಕ್ಕೆ ಬಂದವರು ಆ ಕೆಸರಿನಲ್ಲೇ ಅಡ್ಡಬೀಳಬೇಕಿತ್ತು. ಇಸ್ತ್ರಿ ಮಾಡಿದ ಧೋತರದವರು ಸ್ವಲ್ಪ ಯೋಚನೆ ಮಾಡಿ ದೂರದಿಂದಲೇ ಕೈ ಮುಗಿಯುತ್ತಿದ್ದುದೂ ಉಂಟು. ಮಠದ ಆಕಳಿಗೆ ಹಿಂಡಿ ಒಪ್ಪಿಸುವ ಸೇವೆ ನನ್ನ ಅಂಗಡಿಯ ಪಾಲಿಗೆ ಬಂದಿದ್ದರಿಂದ ಸಂತೆಯ ದಿನ ನನ್ನ ಚಕ್ಕಡಿಯೂ ಆ ಬೇವಿನ ಮರದ ಕೆಳಗೇ ನಿಲ್ಲುತ್ತಿತ್ತು.

ಇನ್ನು ಈರಬಸಪ್ಪನ ಕಸುಬು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಬಲಗೈ ಬಲಗೈ ಹಿಡಿದು, ಮೇಲೆ ಹೆಗಲ ವಲ್ಲಿಯನ್ನು ಹೊದಿಸುತ್ತಾರೆ. ವಲ್ಲಿಯ ಕೆಳಗೆ ಬೆರಳು ಹಿಡಿದು, ಗೆಣ್ಣು ಒತ್ತಿ, ಒಬ್ಬ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಅಲುಗುವ ಬಟ್ಟೆ ಮಾತ್ರ. ಇಬ್ಬರ ಬೆರಳೂ ಒಂದು ಲೆಕ್ಕಕ್ಕೆ ಬಂದಾಗ ವಲ್ಲಿ ಎತ್ತಿದರೆ ವ್ಯಾಪಾರ ಮುಗಿಯಿತು. ಈ ವಿದ್ಯೆಯಲ್ಲಿ ಈರಬಸಪ್ಪನನ್ನು ಮೀರಿಸುವವರು ಐದಾರು ಸಂತೆಗಳಲ್ಲಿ ಇರಲಿಲ್ಲ. ಎದುರಿನವನು ಮೊದಲು ಒತ್ತಿದ ಬೆಲೆಗೆ ಅವನು ಒಪ್ಪಿದ್ದನ್ನು ಕಂಡವರಿಲ್ಲ. ಎಷ್ಟೇ ಚೆನ್ನಾದ ಬೆಲೆ ಬರಲಿ, ಮುಖ ಸಿಂಡರಿಸಿ, ಕೈ ಬಿಡದೆ, ಮತ್ತೊಂದು ಬೆರಳು ಒತ್ತುವವನೇ.

ಅವನಿಗೆ ಗಂಗವ್ವನೆಂಬ ಒಬ್ಬಳೇ ಮಗಳು. ತವರಿಗೆ ಹೆರಿಗೆಗೆ ಬಂದವಳಿಗೆ ಹೆರಿಗೆ ಕಷ್ಟವಾಯಿತು. ಈರಬಸಪ್ಪ ಬಾಡಿಗೆ ಮೋಟಾರು ಹಿಡಿದು ದವಾಖಾನೆಗೆ ಒಯ್ದ. ಅಲ್ಲಿಯವರು ಮಾಡುವಷ್ಟು ಮಾಡಿದರು. ಮಗು ಉಳಿಯಿತು, ಗಂಗವ್ವ ಉಳಿಯಲಿಲ್ಲ. ಅಳಿಯ ಬೇರೆ ಮದುವೆಯಾದ; ಮಗು ಬಾಳವ್ವ ಅಜ್ಜ ಅಜ್ಜಿಯರ ಮಡಿಲಿಗೆ ಬಿದ್ದಳು. ಹುಟ್ಟುವಾಗಲೇ ಅವಳ ಬಲಗಾಲು ಒಳಕ್ಕೆ ತಿರುಚಿಕೊಂಡಿತ್ತು. ಪಾದದ ಹೊರ ಅಂಚಿನ ಮೇಲೆ ನಡೆಯುತ್ತಿದ್ದಳು, ಹಿಮ್ಮಡಿ ನೆಲಕ್ಕೆ ಊರುತ್ತಿರಲಿಲ್ಲ. ಈರಬಸಪ್ಪನ ಹೆಂಡತಿ ನೀಲವ್ವ ಹಟ ಹಿಡಿದು ಮಗುವನ್ನು ಮಿರಜಿನ ಒಬ್ಬ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಎಲುಬು ಎಳೆಯದಾಗಿರುವಾಗಲೇ ಆಪರೇಶನ್ ಮಾಡಬೇಕು, ತಡವಾದಷ್ಟೂ ಕಷ್ಟ ಎಂದು ಅವರು ಹೇಳಿ ಕಳಿಸಿದ್ದರು.

ಈರಬಸಪ್ಪ ಊರ ವೀರಭದ್ರ ದೇವರ ಗುಡಿಗೆ ಹೋಗಿ ಹೂ ಕೇಳಿದ. ನಮ್ಮ ಕಡೆಯ ಪದ್ಧತಿ ಅದು: ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ, ಕೇಳುವವನು ಮನಸ್ಸಿನಲ್ಲಿ ಕೇಳಿಕೊಂಡು ನಿಲ್ಲುತ್ತಾನೆ. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಎಡದ್ದು ಬಿತ್ತು. ಈರಬಸಪ್ಪ ಕೈ ಮುಗಿದು ಮನೆಗೆ ಬಂದು, ಮಿರಜಿನ ಮಾತು ಇನ್ನು ಎತ್ತಬಾರದೆಂದು ಹೆಂಡತಿಗೆ ಹೇಳಿದ.

ಅದರ ಮುಂದಿನ ಸಂತೆಯ ದಿನ ಅವನು ಎತ್ತುಗಳಿಗೆ ನೀರು ಕುಡಿಸಲು ಬಾನಿಗೆ ಬಂದಾಗ, ಹಿಂದೆಯೇ ನೀಲವ್ವ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದಳು. ಮಗುವನ್ನು ಕೆಳಗಿಳಿಸಿ, ಕೆಸರೆನ್ನದೆ ಪೂಜ್ಯರ ಪಾದಕ್ಕೆ ಬಿದ್ದು, ಇದ್ದ ಸಂಗತಿಯನ್ನೆಲ್ಲ ಅರಿಕೆ ಮಾಡಿಕೊಂಡಳು. ಪೂಜ್ಯರು ಹಗ್ಗ ಹಿಡಿದೇ ಕೇಳಿದರು. ಮಗು ಅಷ್ಟರಲ್ಲಿ ಬಾನಿಯಿಂದ ಸೋರಿದ ನೀರಿನಲ್ಲಿ ಕಾಲಾಡಿಸಿ, ಬಿಸಿಲಿಗೆ ಒಣಗಿದ ಹಾಸುಗಲ್ಲಿನ ಮೇಲೆ ನಡೆದಾಡುತ್ತಿತ್ತು. ಎಡಗಾಲಿನ ಗುರುತು ಪೂರ್ತಿ ಮೂಡುತ್ತಿತ್ತು. ಬಲಗಾಲಿನದು ಬರೀ ಒಂದು ಗೆರೆ, ಎಳೆಯ ಚಂದ್ರನ ಹಾಗೆ. ಪೂಜ್ಯರ ಕಣ್ಣು ಆ ಗುರುತಿನ ಮೇಲಿತ್ತು.

ಈರಬಸಪ್ಪನೂ ಸುಮ್ಮನಿರಲಿಲ್ಲ. ಅವನ ವಾದಕ್ಕೆ ಕೊಂಕು ತೆಗೆಯುವುದು ಕಷ್ಟವಿತ್ತು ಎಂದು ಒಪ್ಪಿಕೊಳ್ಳಬೇಕು. ಕಾಲು ನೆಟ್ಟಗಾಗುವುದೆಂದು ದೇವರು ಬರೆದಿದ್ದರೆ ಮಿರಜಿಗೆ ಹೋಗದೆಯೂ ಆದೀತು; ಬರೆದಿಲ್ಲವೆಂದರೆ ಡಾಕ್ಟರನ ಚಾಕು ಏನು ಮಾಡೀತು? ಎರಡರಲ್ಲಿ ಯಾವುದಾದರೂ ತಾನು ಮಾಡುವುದಕ್ಕೆ ಜಾಗವೆಲ್ಲಿದೆ? ಇಷ್ಟು ಹೇಳಿ, ದನಿ ತಗ್ಗಿಸಿ, ಇನ್ನೊಂದು ಮಾತು ಹೇಳಿದ.

"ಗಂಗವ್ವನ ಹೊತ್ತಿನಾಗ ನಾ ಏನ ಕಡಿಮಿ ಮಾಡಿದ್ದೆರಿ ಅಜ್ಜಾರ? ಮಾಡೂದೆಲ್ಲಾ ಮಾಡಿದೆ. ಅಂವ ತಾ ಮಾಡೂದ ಮಾಡಿದಾ."

ಅದರ ಬೆನ್ನಿಗೇ ಮಾತಾಡಿದವಳು ನೀಲವ್ವ. ಪೂಜ್ಯರ ಕಡೆ ಮುಖವಿಟ್ಟು, ಗಂಡನಿಗೆ ತಾಗುವಂತೆ ಹೇಳಿದಳು.

"ಈ ಎತ್ತು ತರೂ ಮುಂದ ಇವ್ರು ಹೂ ಬಲಕ್ಕ ಬೀಳೂತನಾ ಕೇಳಿದ್ರು ರೀ ಅಜ್ಜಾರ. ಪೂಜಾರಿಗೆ ಸಾಕಾಗಿ ಹೋತು. ಕೂಸಿನ ಕಾಲಿಗೆ ಒಂದ ಸರತಿಗೆ ಮುಗಿಸ್ಯಾರ."

ನೀರು ಕುಡಿಸುತ್ತಿದ್ದ ರೈತನೊಬ್ಬ, "ಈರಬಸಪ್ಪಾ, ಇವತ್ತ ದಲಾಲಿ ನಿನ್ನ ಹೇಂತಿ ಮಾಡಾಕತ್ತಾಳ ನೋಡು" ಎಂದ. ನಾಲ್ಕು ಜನ ನಕ್ಕರು. ಈರಬಸಪ್ಪ ಎತ್ತಿನ ಕೊಂಬು ಸವರುತ್ತ ನಿಂತ. ಎತ್ತುಗಳೇನೋ ಅಂಥವೇ ಇದ್ದವು. ಅವುಗಳನ್ನು ಬಿಟ್ಟುಕೊಡಲಾರದ ಮನಸ್ಸಿಗೆ ಎಡಕ್ಕೆ ಬಿದ್ದ ಹೂ ಅನುಕೂಲವಾಗಿ ಬಂದಿತ್ತೋ, ಮಗಳನ್ನು ದವಾಖಾನೆಯಿಂದ ಹೆಣವಾಗಿ ತಂದವನು ಇನ್ನೊಂದು ದವಾಖಾನೆಯ ಮೆಟ್ಟಿಲಿಗೆ ಅಂಜಿದ್ದನೋ, ಎರಡೂ ಕೂಡಿಯೇ ಇದ್ದವೋ. ಮೂಟೆಯ ಹೊರಗಿನಿಂದ ಕಾಳು ಹೇಳಬಲ್ಲೆ, ಮನುಷ್ಯನ ಒಳಗು ಹೇಳಲಾರೆ. ಪೂಜ್ಯರು ನಗಲಿಲ್ಲ.

ಅವರು ಕೊಡವನ್ನು ಕಟ್ಟೆಯ ಮೇಲಿಟ್ಟರು. ಕೈ ಒರೆಸಿಕೊಂಡು ಬಾನಿಯ ಅಂಚಿಗೆ ಕುಳಿತರು.

"ವಲ್ಲಿ ತಗಿ, ಈರಬಸಪ್ಪಾ."

"ಯಾಕ್ರಿ ಅಜ್ಜಾರ?"

"ಎತ್ತ ನಾ ಕೊಳ್ಳಾಂವ. ಹಿಡಿ ಕೈ."

ಒಂದು ಕೊಡ, ಒಂದು ಚಾಪೆ, ಒಂದು ಜೋಳಿಗೆ ಇದ್ದವರು ಖಿಲಾರಿ ಎತ್ತು ಕೊಳ್ಳುತ್ತಾರೆಂದರೆ ಜನ ಸೇರದೆ ಇರುತ್ತದೆಯೇ? ಆದರೆ ಪೂಜ್ಯರು ಚಾಚಿದ ಕೈಯನ್ನು ಬೇಡವೆನ್ನುವ ಧೈರ್ಯ ಈರಬಸಪ್ಪನಿಗಿರಲಿಲ್ಲ. ಮೊಣಕಾಲೂರಿ ಕುಳಿತ, ಅವರ ಕೈ ಹಿಡಿದ, ಮೇಲೆ ವಲ್ಲಿ ಹೊದಿಸಿದ. ಅಭ್ಯಾಸದ ಕೈ, ತನ್ನ ಬೆಲೆ ಒತ್ತಿದ. ಪೂಜ್ಯರ ಕೈ ಅಲುಗಲಿಲ್ಲ. ಸ್ವಲ್ಪ ತಡೆದು ಮತ್ತೆ ಒತ್ತಿದ. ಅಲುಗಲಿಲ್ಲ. ವಲ್ಲಿಯ ಮೇಲೆ ನೋಡುತ್ತಿದ್ದ ನಮಗೂ ತಿಳಿಯುತ್ತಿತ್ತು, ಬಟ್ಟೆ ಒಂದೇ ಕಡೆಯಿಂದ ಅಲುಗುತ್ತಿತ್ತು. ಬೆಲೆ ಇಳಿಸಿದನೋ ಏನೋ, ಬಹಳ ಹೊತ್ತು ಬೆರಳಾಡಿಸಿದ. ಕಡೆಗೆ ಅವನ ಹಣೆ ಬೆವರಿತು.

"ನಾ ಒಬ್ಬಾಂವ ಎಷ್ಟಂತ ಒತ್ತಲಿ ರೀ? ನೀವು ಬೆರಳ ಆಡಸದ ಹಿಂಗ ಕೈ ಕೊಟ್ಟು ಕುಂತ್ರ ವ್ಯಾಪಾರ ಹೆಂಗಾಕ್ಕೈತಿ?"

ಪೂಜ್ಯರು ಅವನ ಮುಖ ನೋಡಿದರು.

"ಗುಡಿಯಾಗ ಇದ್ದಾಂವನೂ ನಿನಗ ಇದನ್ನ ಕೇಳಾಕತ್ತಾನ."

ಈರಬಸಪ್ಪ ಸುಲಭಕ್ಕೆ ಸೋಲುವವನಲ್ಲ. ದೇವರು ಬೇಡವೆಂದದ್ದಾಗಿದೆಯಲ್ಲ, ಹೂ ಎಡಕ್ಕೆ ಬಿದ್ದದ್ದು ಸುಳ್ಳೇ ಎಂದು ಕೇಳಿದ.

"ಹೂ ಸುಳ್ಳಲ್ಲ. ಅದು ಅವನ ಮೊದಲನೇ ಬೆರಳು. ಮೊದಲನೇ ಬೆರಳಿಗೆ ನೀ ಯಾವತ್ತರ ವಲ್ಲಿ ಎತ್ತೀಯೇನು?"

ಸುತ್ತ ನಿಂತವರೆಲ್ಲ ಒಂದಲ್ಲ ಒಂದು ದಿನ ಆ ಕೈಯಿಂದ ಹಿಂಡಿಸಿಕೊಂಡವರೇ. ಆದರೆ ಈ ಸಲ ಯಾರೂ ನಗಲಿಲ್ಲ. ಈರಬಸಪ್ಪ ತಲೆ ತಗ್ಗಿಸಿದ. ಕೈ ಇನ್ನೂ ವಲ್ಲಿಯೊಳಗೇ ಇತ್ತು. ನನಗೆ ಕೇಳಿಸಿದ್ದೇ ಹೆಚ್ಚು, ಅಷ್ಟು ಸಣ್ಣ ದನಿಯಲ್ಲಿ ಕೇಳಿದ:

"ಗಂಗವ್ವಂದು?"

ಮಹಾತ್ಮರು ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುತ್ತಾರೆಂದು ತಿಳಿದವರಿಗಾಗಿ ಪೂಜ್ಯರ ಮಾತನ್ನು ಇದ್ದಂತೆಯೇ ಬರೆಯುತ್ತೇನೆ.

"ಆವತ್ತ ಕಡೀ ಬೆರಳು ಅವನದಾತು. ಯಾಕಂತ ನನಗೂ ಗೊತ್ತಿಲ್ಲಪಾ. ಆದ್ರ ನೀ ಕೈ ಹಿಂದ ತಗೊಂಡಿರಲಿಲ್ಲ, ಅದಷ್ಟು ಗೊತ್ತೈತಿ. ಆ ವ್ಯಾಪಾರ ಮುಗೀತು. ಇದು ಬ್ಯಾರೆ ಸಂತಿ."

ಇಷ್ಟೆಂದು ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದರು. ಬಾನಿಯಲ್ಲಿ ನೀರು ಇಳಿದಿತ್ತು. ಕೊಡ ಬಾವಿಗೆ ಬಿಟ್ಟರು. ಈರಬಸಪ್ಪ ಖಾಲಿ ಕೈಯ ಮೇಲೆ ವಲ್ಲಿ ಹೊದ್ದುಕೊಂಡು, ಹಾಸುಗಲ್ಲಿನ ಮೇಲಿನ ಒದ್ದೆ ಗುರುತುಗಳು ಆರುವ ತನಕ ಅಲ್ಲೇ ಕುಳಿತಿದ್ದ.

ಸಂಜೆಯೊಳಗೆ ಎತ್ತು ಮಾರಾಟವಾದವು. ರಾಣೆಬೆನ್ನೂರ ಕಡೆಯ ಗಿರಾಕಿ. ಕಣ್ಣಲ್ಲಿ ನೀರಿದ್ದರೂ ಈರಬಸಪ್ಪ ಮೊದಲನೇ ಬೆರಳಿಗೆ ವಲ್ಲಿ ಎತ್ತಲಿಲ್ಲ, ಎರಡನೆಯದಕ್ಕೂ ಇಲ್ಲ. ಆ ಗಿರಾಕಿ ಆಮೇಲೆ ನನ್ನಲ್ಲಿ ಹಿಂಡಿ ಕೊಳ್ಳಲು ಬಂದವನು ಬೆರಳು ತಿಕ್ಕಿಕೊಳ್ಳುತ್ತಿದ್ದ. ನಾಲ್ಕು ದಿನದಲ್ಲಿ ಅಜ್ಜ ಅಜ್ಜಿ ಮಗುವನ್ನು ಕರೆದುಕೊಂಡು ಮಿರಜಿಗೆ ಹೋದರು.

ಪವಾಡವೇನೂ ಆಗಲಿಲ್ಲ. ಆಪರೇಶನ್ ಆಯಿತು, ಪ್ಲಾಸ್ಟರ್ ಹಾಕಿದರು, ಬಿಚ್ಚಿದರು, ಕಾಲು ಇನ್ನೂ ಸ್ವಲ್ಪ ಒಳಕ್ಕೇ ಇದೆಯೆಂದು ಮತ್ತೆ ಹಾಕಿದರು. ಮಗುವಿನ ಅಳು ಕೇಳಲಾರದೆ ನೀಲವ್ವಳೇ ಒಮ್ಮೆ, ಸಾಕು, ಊರಿಗೆ ಹೋಗೋಣ ಎಂದಳಂತೆ. "ಇದು ಅವನ ಎರಡನೇ ಬೆರಳು, ಸುಮ್ನಿರು" ಎಂದನಂತೆ ಈರಬಸಪ್ಪ. ಆ ಮಾತಿಗೆ ಅಳುತ್ತಿದ್ದವಳಿಗೂ ನಗೆ ಬಂತೆಂದು ಅವಳೇ ನನಗೆ ಹೇಳಿದಳು.

ಅವರು ಮಿರಜಿನಲ್ಲಿದ್ದಾಗ ಒಂದು ಸಂತೆಯ ದಿನ ನಾನು ಪೂಜ್ಯರನ್ನು ಕೇಳಿದೆ. ವ್ಯಾಪಾರಿಯ ಬುದ್ಧಿ, ಉಳಿದ ಬಾಕಿಯ ಮೇಲೇ ಕಣ್ಣು. ಮನುಷ್ಯ ಬೆರಳು ಒತ್ತಿದಂತೆ ಬೆಲೆ ಬದಲಾಗುವುದಾದರೆ ದೇವರು ಮೊದಲೇ ನಿಶ್ಚಯಿಸಿದ್ದಾನೆ ಎನ್ನುವ ಮಾತು ಏನಾಯಿತು? ಪೂಜ್ಯರು ಹಗ್ಗ ಎಳೆಯುತ್ತಲೇ ಹೇಳಿದರು:

"ವಲ್ಲಿ ಎತ್ತಿದ ಮ್ಯಾಲೆ ಎಲ್ಲಾರೂ 'ಇದಕ್ಕ ಇಷ್ಟ ಆಗೂದಿತ್ತು' ಅಂತಾರ. ಖರೇನ ಅಂತಾರ. ಆದ್ರ ಎತ್ತೂತನಾ ಒಳಗ ಕೈ ಇರಬೇಕಲ್ಲಪಾ."

ಅಷ್ಟೇ. ಮುಂದಿನ ಮಾತು ನನ್ನ ಹಿಂಡಿಯ ಮೇಲೆ ಬಂತು. ಹೋದ ವಾರದ್ದು ಸ್ವಲ್ಪ ಮುಗ್ಗು ಹಿಡಿದಿತ್ತು ಎಂದರು. ಬದಲಿಸಿ ಕೊಟ್ಟೆ.

ಈರಬಸಪ್ಪ ಆಮೇಲೆ ತನಗಾಗಿ ಎತ್ತು ಕೊಳ್ಳಲಿಲ್ಲ. 'ಎತ್ತಿಲ್ಲದ ದಲಾಲಿ' ಎಂದು ಸಂತೆಯಲ್ಲಿ ಕರೆದರೆ ಓಗೊಡುತ್ತಿದ್ದ. ಹೂ ಕೇಳುವುದನ್ನೂ ಬಿಡಲಿಲ್ಲ, ಪೂಜ್ಯರು ಬಿಡೆಂದೂ ಹೇಳಿರಲಿಲ್ಲ. ಒಂದು ಮಾತ್ರ ಬದಲಾಗಿತ್ತು. ಮೊದಲು ವೀರಭದ್ರನ ಮುಂದೆ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದವನು, ಈಗ ಬಲಗೈಯನ್ನು ಮುಂದಕ್ಕೆ ಚಾಚಿ, ಅದರ ಮೇಲೆ ವಲ್ಲಿ ಹೊದಿಸಿಕೊಂಡು, ಕಣ್ಣು ತೆರೆದು ನಿಲ್ಲುತ್ತಿದ್ದ. ಪೂಜಾರಿ ಮೊದಮೊದಲು ಬೈದ, ಆಮೇಲೆ ರೂಢಿಯಾಯಿತು. ಗುಡಿಯಿಂದ ಹೊರಬಿದ್ದವನು ಹೂ ಯಾವ ಕಡೆ ಬಿತ್ತೆಂದು ಯಾರಿಗೂ ಹೇಳುತ್ತಿರಲಿಲ್ಲ. ತಾನು ಮಾಡಬೇಕಾದ ಕೆಲಸಕ್ಕೆ ನಡೆಯುತ್ತಿದ್ದ.

ವರ್ಷ ಕಳೆದ ಮೇಲೆ ಬಾಳವ್ವ ಅದೇ ಬಾನಿಯ ನೀರಿನಲ್ಲಿ ಕಾಲಾಡಿಸಿ, ಅದೇ ಹಾಸುಗಲ್ಲಿನ ಮೇಲೆ ನಡೆದಳು. ಪೂಜ್ಯರು ಕೊಡ ಇಳಿಸಿ ನೋಡಿದರು, ಈರಬಸಪ್ಪ ನೋಡಿದ, ನಾವೂ ನೋಡಿದೆವು. ಲೆಕ್ಕ ಹೀಗಿದೆ. ಹೋದದ್ದು: ಒಂದು ಜೋಡಿ ಎತ್ತು. ಬಂದದ್ದು: ತುಸು ಎಳೆದಿಟ್ಟರೂ ಕಲ್ಲಿನ ಮೇಲೆ ಪೂರ್ತಿಯಾಗಿ ಮೂಡಿದ ಒಂದು ಒದ್ದೆ ಹಿಮ್ಮಡಿ.