ಅಜ್ಜ ಹೇಳದ ಎಸೆತ

ಇದು ನಡೆದದ್ದು ಮಲಪ್ರಭೆಯ ದಂಡೆಯಲ್ಲಿ. ಅಲ್ಲ, ಘಟಪ್ರಭೆ ಎನ್ನುವವರೂ ಇದ್ದಾರೆ. ಅವರೂ ಈ ಕಥೆ ಕೇಳಿದ್ದು ನನ್ನ ಬಾಯಿಂದಲೇ, ಹಾಗಾಗಿ ತಕರಾರು ತೆಗೆಯುವಂತಿಲ್ಲ.

ಹೊಳೆಯ ಈ ದಡಕ್ಕೊಂದು ಮಠ, ಆ ದಡಕ್ಕೊಂದು ಮಠ. ಬೇಸಿಗೆಯಲ್ಲಿ ನೀರು ಬತ್ತಿ ನಡುವೆ ಮರಳು ತೆರೆದಾಗ ಎರಡೂ ಮಠದವರು ಅಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ಆ ಆಟ ಅಲ್ಲಿಗೆ ಹೇಗೆ ಬಂತು? ಪರದೇಶದ ಭಕ್ತನೊಬ್ಬ ದಾಂಡು, ಚೆಂಡು, ಗ್ಲೌಸು ಬಿಟ್ಟುಹೋದ ಎಂದು ಕೆಲವರ ಮಾತು. ಹೊಳೆಯಲ್ಲಿ ತೇಲಿಬಂದವು ಎಂದು ಇನ್ನು ಕೆಲವರ ಮಾತು. ಎರಡನೆಯದೇ ಚೆನ್ನಾಗಿದೆ, ಅದನ್ನೇ ಇಟ್ಟುಕೊಳ್ಳೋಣ.

ಈ ದಡದ ಮಠದ ಗುರುಗಳು ಹಾಲಯ್ಯಜ್ಜ. ಆಟದಲ್ಲಿ ಅವರು ಕ್ಯಾಚರ್, ಒಗೆದ ಚೆಂಡು ಹಿಡಿಯುವವರು. ಕೂತು ರೂಢಿಯಾದವರಿಗೆ ಅಲ್ಲಿ ಅದೊಂದೇ ಜಾಗ.

ದಾಂಡಿನವನ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ಅಜ್ಜ ಬೆರಳು ತೋರಿಸುತ್ತಿದ್ದರು. ಒಂದು ಬೆರಳೆಂದರೆ ನೇರ ಚೆಂಡು. ಎರಡೆಂದರೆ ಬಾಗುವ ಚೆಂಡು. ಎದುರಿನ ದಿಬ್ಬದ ಮೇಲೆ ನಿಂತ ಶಿಷ್ಯ ಚನ್ನಮಲ್ಲ ಹೂಂ ಎಂದು ತಲೆಯಾಡಿಸಿ ಹಾಗೆಯೇ ಚೆಂಡು ಒಗೆಯುತ್ತಿದ್ದ.

ದಡದಲ್ಲಿ ಅಂಬಿಗರು ದೋಣಿ ಕಟ್ಟುವ ಒಂದು ಬಂಡೆ ಇತ್ತು. ವರ್ಷದ ಕಡೆಯ ಆಟದಲ್ಲಿ, ಎದುರಿನವರಲ್ಲಿ ಒಬ್ಬನೂ ಓಟದ ಮೊದಲ ನೆಲೆ, ಅಂದರೆ ಮೊದಲ ಬೇಸ್‌ ಮುಟ್ಟದ ಹಾಗೆ ಆದ್ಯಂತ ಒಗೆದವನ ಹೆಸರನ್ನು ಅದರ ಮೇಲೆ ಕೆತ್ತಿಸಬೇಕೆಂದು ಎರಡೂ ಮಠದವರು ಎಂದೋ ಒಪ್ಪಿದ್ದರು. ಅಂಥದ್ದಕ್ಕೆ ತುಂಬು ಆಟ ಎನ್ನುತ್ತಿದ್ದರು. ಯಾರಿಗೂ ಆಗಿರಲಿಲ್ಲ. ಬಂಡೆ ಬೋಳಾಗಿಯೇ ಇತ್ತು.

ಚನ್ನಮಲ್ಲ ಸಂಜೆ ಆ ಬಂಡೆಯ ಮುಂದೆ ಕೂತು ಒದ್ದೆ ಬೆರಳಿನಿಂದ ತನ್ನ ಹೆಸರು ಬರೆಯುತ್ತಿದ್ದ. ಅದು ಒಣಗಿ ಹೋಗುವವರೆಗೆ ನೋಡುತ್ತಿದ್ದ. ಮತ್ತೆ ಬರೆಯುತ್ತಿದ್ದ.

ಒಂದು ದಿನ ಕೇಳಿದ. “ಅಜ್ಜಾರ, ತುಂಬು ಆಟಕ್ಕ ಏನು ಬೇಕ್ರಿ?”

“ಎದುರು ಆಡಾವ್ರು ಬೇಕು,” ಎಂದರು ಅಜ್ಜ.

ಆ ವರ್ಷದ ಕಡೆಯ ಆಟ ಬಂತು.

ಬಿಸಿಲಿಗೆ ಮರಳು ನೀರಿನಂತೆ ನಡುಗುತ್ತಿತ್ತು. ಆ ದಡದ ಆಟಗಾರರು ಒಬ್ಬೊಬ್ಬರೇ ಆ ನಡುಕದೊಳಗಿಂದ ಎದ್ದುಬಂದರು, ದಾಂಡು ಬೀಸಿದರು, ಮತ್ತೆ ಅದರೊಳಗೇ ಕರಗಿಹೋದರು. ನಿದ್ದೆಯಲ್ಲಿ ಬಂದವರಂತೆ ಬಂದರು, ನಿದ್ದೆಯಲ್ಲಿ ಹೋದವರಂತೆ ಹೋದರು. ಒಬ್ಬ ಬೀಸಿದ ರಭಸಕ್ಕೆ ಎಂದೋ ಬತ್ತಿದ ಹೊಳೆಯಲ್ಲಿ ಅಲೆ ಎದ್ದಿತಂತೆ. ನಾನು ನೋಡಲಿಲ್ಲ. ಆದರೆ ಕಾಲು ಒದ್ದೆಯಾದದ್ದು ನೆನಪಿದೆ.

ಅಜ್ಜ ಬೆರಳು ತೋರಿಸಿದರು. ಚನ್ನಮಲ್ಲ ತಲೆಯಾಡಿಸಿದ. ಚೆಂಡು ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು. ಒಬ್ಬನೂ ಮೊದಲ ಬೇಸ್‌ ಮುಟ್ಟಿಲ್ಲ.

ಅಲ್ಲೊಂದು ಪದ್ಧತಿ. ತುಂಬು ಆಟದ ದಾರಿಯಲ್ಲಿರುವವನನ್ನು ಯಾರೂ ಮಾತಾಡಿಸುವಂತಿಲ್ಲ. ಮಾತಾಡಿಸಿದರೆ ಮುರಿಯುತ್ತದೆ. ಹಾಗಾಗಿ ಬಿಡುವಿನಲ್ಲಿ ಜೊತೆಯವರು ಚನ್ನಮಲ್ಲನ ಪಕ್ಕದಿಂದ ಮೆಲ್ಲಗೆ ಸರಿದು ದೂರ ಕೂತರು. ಮೊದಲ ಬೇಸ್‌ ಕಾಯುತ್ತಿದ್ದ ಮಠದ ಅಡುಗೆಯವ ರೇವಯ್ಯ, ಮಜ್ಜಿಗೆಯ ಚೊಂಬನ್ನು ದೂರದಲ್ಲಿ ಮರಳಿನ ಮೇಲಿಟ್ಟು, ಆಕಾಶ ನೋಡುತ್ತ ಹೊರಟುಹೋದ.

ಅಜ್ಜ ಮಾತ್ರ ಬಂದು ಶಿಷ್ಯನ ಪಕ್ಕ ಕೂತರು. ಕೂತವರೇ ಗೊರಕೆ ಹೊಡೆದರು.

ಆಗ ಚನ್ನಮಲ್ಲನ ಬೆನ್ನ ಹಿಂದೆ ಆ ದಡದ ಮುದುಕರಿಬ್ಬರ ಮಾತು ಕೇಳಿಸಿತು. ಒಗೆಯುವವನದೇನು ದೊಡ್ಡದು, ಎಲ್ಲ ಅಜ್ಜನ ಬೆರಳಿನ ಆಟ ಎಂದ ಒಬ್ಬ. ಆ ಬೆರಳು ನೋಡಿಕೊಂಡು ಒಗೆದರೆ ನಮ್ಮ ಎಮ್ಮೆಯೂ ಒಗೆಯುತ್ತದೆ ಎಂದ ಇನ್ನೊಬ್ಬ.

ಚನ್ನಮಲ್ಲ ಮಜ್ಜಿಗೆಯ ಚೊಂಬನ್ನು ಅರ್ಧಕ್ಕೇ ಕೆಳಗಿಟ್ಟ.

ಹೊತ್ತು ವಾಲಿತು. ಈ ದಡದವರು ಹೇಗೋ ಒಂದು ರನ್ ಗಳಿಸಿ ಮುಂದಿದ್ದರು. ಆ ದಡದವರಲ್ಲಿ ಇನ್ನೊಬ್ಬ ಔಟಾದರೆ ಆಟ ಮುಗಿಯುತ್ತಿತ್ತು. ದಾಂಡು ಹಿಡಿದು ಬಂದವನು ಕಾಡಪ್ಪ. ಅವನು ದಾಂಡು ಹಿಡಿದರೆ ಹಲ್ಲುಕಡ್ಡಿ ಹಿಡಿದಂತೆ ಕಾಣುತ್ತಿತ್ತು.

ಚನ್ನಮಲ್ಲ ಒಗೆದ. ಒಂದಿಷ್ಟು ಚೆಂಡು ದಾಂಡಿಗೆ ಎಟುಕುವ ಅಳತೆಯ ಒಳಗೆ ಬಿದ್ದವು, ಒಂದಿಷ್ಟು ಹೊರಗೆ. ಕೊನೆಗೆ ಲೆಕ್ಕ ಒಂದು ಚೆಂಡಿಗೆ ಬಂದು ನಿಂತಿತು. ಅದು ಒಳಗೆ ಬಿದ್ದು ಕಾಡಪ್ಪನ ದಾಂಡಿಗೆ ತಾಗದಿದ್ದರೆ ಅವನು ಔಟ್, ತುಂಬು ಆಟ. ಹೊರಗೆ ಬಿದ್ದರೆ ಅವನು ಪುಕ್ಕಟೆ ಮೊದಲ ಬೇಸಿಗೆ ನಡೆದುಹೋಗುತ್ತಾನೆ.

ಅಜ್ಜ ಒಂದು ಬೆರಳು ತೋರಿಸಿದರು. ನೇರ ಚೆಂಡು.

ಚನ್ನಮಲ್ಲ ಅಡ್ಡ ತಲೆಯಾಡಿಸಿದ. ಅಂಥದ್ದು ಆ ದಿನ ಅದೇ ಮೊದಲು.

ಅಜ್ಜ ಮತ್ತೆ ಒಂದೇ ಬೆರಳು ತೋರಿಸಿದರು.

ಚನ್ನಮಲ್ಲ ಮತ್ತೆ ಅಡ್ಡ ತಲೆಯಾಡಿಸಿದ.

ಅಜ್ಜ ಬೆರಳು ಮಡಚಿಕೊಂಡರು. ಸುಮ್ಮನೆ ಗ್ಲೌಸು ಎತ್ತಿ ಹಿಡಿದರು.

ಚನ್ನಮಲ್ಲ ಬಾಗುವ ಚೆಂಡು ಒಗೆದ.

ಅದೇ ಹೊತ್ತಿಗೆ ಗಾಳಿ ಎದ್ದಿತು. ಮರಳು ಕಣ್ಣಿಗೆ ಹೊಡೆಯಿತು. ಕಾಡಪ್ಪ ಕಣ್ಣು ಮುಚ್ಚಿಕೊಂಡು ದಾಂಡು ಬೀಸದೆ ನಿಂತುಬಿಟ್ಟ. ಅಜ್ಜನ ಹಿಂದೆ ಅಂಪೈರಾಗಿ ನಿಂತಿದ್ದ ಅಂಬಿಗ ದುರ್ಗಪ್ಪನೂ ಕಣ್ಣು ಉಜ್ಜಿಕೊಳ್ಳುತ್ತಿದ್ದ. ಗಾಳಿ ನಿಂತಾಗ ಚೆಂಡು ಅಜ್ಜನ ಗ್ಲೌಸಿನಲ್ಲಿತ್ತು.

ತನಗೇನೂ ಕಾಣಲಿಲ್ಲ ಎಂದ ದುರ್ಗಪ್ಪ. ಅಂಪೈರಿಗೆ ಕಾಣದಿದ್ದರೆ ಹಿಡಿದವರ ಮಾತೇ ತೀರ್ಪು, ಅದೂ ಅಲ್ಲಿನ ಪದ್ಧತಿ. ಎರಡೂ ದಡದವರು ಉಸಿರು ಹಿಡಿದು ಅಜ್ಜನ ಬಾಯಿ ನೋಡಿದರು.

ಅಜ್ಜ ಮಂಡಿ ಹಿಡಿದುಕೊಂಡು ಎದ್ದರು. ಮರಳಿನಲ್ಲಿ ನಿಧಾನಕ್ಕೆ ನಡೆದು ದಿಬ್ಬ ಹತ್ತಿದರು. ಚೆಂಡನ್ನು ಶಿಷ್ಯನ ಅಂಗೈಯಲ್ಲಿಟ್ಟರು.

“ಒಳಗೋ, ಹೊರಗೋ?”

ಚನ್ನಮಲ್ಲ ಚೆಂಡು ನೋಡಿದ. ಅದು ಬೆರಳ ತುದಿಯಿಂದ ಬಿಟ್ಟುಹೋದ ಗಳಿಗೆ ಕೈಯಲ್ಲಿ ಇನ್ನೂ ಇತ್ತು. ದಡದ ಬಂಡೆ ನೋಡಿದ. ಇಳಿಬಿಸಿಲು ಅದರ ಮೇಲೆ ಬಿದ್ದು, ಏನೋ ಬರೆದಂತೆಯೇ ಕಾಣುತ್ತಿತ್ತು.

ಯಾರೋ ಕೆಮ್ಮಿದರು. ಇನ್ಯಾರೋ ಅವರ ಬಾಯಿ ಮುಚ್ಚಿದರು.

“ಹೊರಗ್ರೀ,” ಎಂದ ಚನ್ನಮಲ್ಲ.

ಕಾಡಪ್ಪ ದಾಂಡು ಕೆಳಗಿಟ್ಟು, ತಪ್ಪು ಮಾಡಿದವನಂತೆ ಮೆಲ್ಲಗೆ ಮೊದಲ ಬೇಸಿಗೆ ನಡೆದ. ಬೆಳಗಿನಿಂದ ಒಬ್ಬನೂ ಬಾರದೆ ಒಂಟಿಯಾಗಿ ನಿಂತಿದ್ದ ರೇವಯ್ಯನಿಗೆ ಮನೆಗೆ ಬೀಗರು ಬಂದಷ್ಟು ಸಂತೋಷ. ಬನ್ನಿ ಬನ್ನಿ ಎಂದ, ಊಟ ಆಯಿತೇ ಎಂದ, ಹೊಲ ಮನೆ ವಿಚಾರಿಸಿದ. ಅಷ್ಟರಲ್ಲಿ ಮುಂದಿನವನು ಬಂದ. ಅಜ್ಜ ಬೆರಳು ತೋರಿಸಿದರು, ಚನ್ನಮಲ್ಲ ಹೂಂ ಎಂದ, ಅವನು ಔಟಾದ. ಈ ದಡದವರು ಗೆದ್ದರು.

ಆದರೆ ಉಳಿ ಹಿಡಿದು ಕಾದಿದ್ದ ಕಲ್ಲುಕುಟಿಗ ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಗುರು ಶಿಷ್ಯರು ಹೊಳೆಯ ಮರಳಿನಲ್ಲಿ ಮಠದತ್ತ ನಡೆದರು. ಮೇಲೆ ಕೊಕ್ಕರೆಗಳು ಗೂಡಿಗೆ ಹೊರಟಿದ್ದವು.

ಚನ್ನಮಲ್ಲನಿಗೆ ತಡೆಯಲಾಗಲಿಲ್ಲ.

“ಅಜ್ಜಾರ, ಹಿಡದಾವ್ರು ನೀವು. ಹೇಳೋದು ನಿಮ್ಮ ಕೆಲಸ ಇತ್ತು. ಒಳಗ ಅಂದ್ರ ಒಳಗ, ಹೊರಗ ಅಂದ್ರ ಹೊರಗ. ನನ್ನ ಯಾಕ ಕೇಳಿದ್ರಿ?”

ಅಜ್ಜ ಗ್ಲೌಸಿನೊಳಗಿನ ಮರಳನ್ನು ಕೊಡವಿದರು.

“ಉಳದದ್ದೆಲ್ಲ ನಾ ಹೇಳಿ ಒಗಿಸಿದ್ದು. ಅದೊಂದೇ ನಿಂದು. ನಿಂದನ್ನ ನಾ ಹೆಂಗ ಹೇಳ್ಲಿ?”