ದೇವರಕಾಡಿನ ಕಡವೆ

ಪಟೇಲ ಸಿಂಗಪ್ಪಗೌಡರಿಗೆ ದೇವರಕಾಡಿನ ಕಡವೆಯ ಮಾಂಸವೇ ಬೇಕಂತೆ! ಆ ಕಾಡಿನಲ್ಲಿ ಒಂದು ಸೊಪ್ಪು ಕೀಳಲೂ ಜನ ಹೆದರುತ್ತಿದ್ದರು.

"ಹೊಡಿ, ಇಲ್ಲಾ ಬಿಡಾರ ಖಾಲಿ ಮಾಡು" ಎಂದು ಬೇಟೆಯ ಆಳಿಗೆ ಗದರಿ, ತಮ್ಮ ಪಿಸ್ತೂಲಿನ ಸೀಸದ ಗುಂಡೊಂದನ್ನು ಕೊಟ್ಟರು.

ಆಳು ಕೇಪಿನ ಕೋವಿಯ ಬಾಯಿಗೆ ಮದ್ದು ಸುರಿದ, ನಾರು ತುರುಕಿ ಜಡಿದ, ಗುಂಡು ಇಳಿಬಿಟ್ಟ. ಪಿಸ್ತೂಲಿನ ಗುಂಡು ಆ ನಳಿಗೆಗೆ ಸಣ್ಣದು, ಬಟ್ಟೆ ಸುತ್ತಿ ಬಿಗಿಯಬೇಕು. ಅವನು ಸುತ್ತಲಿಲ್ಲ.

ನಡುಮಧ್ಯಾಹ್ನ. ಒಂದು ಹಕ್ಕಿಯೂ ಕೂಗಲಿಲ್ಲ. ಹುತ್ತದ ಪಕ್ಕ ಕಡವೆ ನಿಂತಿತ್ತು. ಜೊತೆಗೆ ಬಂದಿದ್ದ ಪಟೇಲರ ಕಣ್ಣು ಅದರ ಮೇಲೆ. ಆಳು ಕೋವಿಯ ಬಾಯಿ ಒರೆಸುವ ನೆವದಲ್ಲಿ ಅದನ್ನು ಬಗ್ಗಿಸಿದ. ಗುಂಡು ಉರುಳಿ ಅಂಗೈಗೆ ಬಂತು. ಆಮೇಲೆ ಗುರಿಯಿಟ್ಟ.

ಢಂ!

ಹೊಗೆ ಚದುರಿದಾಗ ಕಡವೆ ಅಲ್ಲೇ ನಿಂತು ಪಟೇಲರನ್ನೇ ನೋಡುತ್ತಿತ್ತು.

ಆಳು ಅಂಗೈ ಬಿಚ್ಚಿದ. "ಗುಂಡು ವಾಪಸ್ ಬಂತು ಒಡೆಯಾ."

ಪಟೇಲರು ಮುಟ್ಟಿ ನೋಡಿದರು. ಬೆಚ್ಚಗಿತ್ತು. ಚಪ್ಪಲಿ ಅಲ್ಲೇ ಬಿಟ್ಟು ಓಡಿದರು.

ಸಂಜೆ ಕಥೆ ಕೇಳಿ ಆಳಿನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವನು ನಗಲಿಲ್ಲ.

"ಗುಂಡು ತೆಗೆದದ್ದು ನಾನೇ ಕಣೇ. ಆದ್ರೆ ಅಷ್ಟು ದೊಡ್ಡ ಸದ್ದಿಗೂ ಆ ಕಡವೆ ಕಿವಿ ಸಹ ಅಲ್ಲಾಡಿಸ್ಲಿಲ್ಲ. ಅದು ನನ್ನ ಕೈಚಳಕ ಅಲ್ಲ."