ಗಿಣಿರಾಣಿಯ ಕಟ್ಟು

“ಗುರುಗಳೇ, ನನ್ನನ್ನು ಬೇರೆ ಯಾವುದಾದರೂ ಮಠಕ್ಕೆ ಕಳಿಸಿಕೊಡುತ್ತೀರಾ?” ಎಂದು ಶಿಷ್ಯ ಸೋಮಲಿಂಗ ಕೇಳಿದ.

ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಗುರುಗಳು ಗೋಡೆಗೆ ಒರಗಿ ಕಾಲು ಚಾಚಿದ್ದರು. ಯಾಕೆ ಎಂದು ಕೇಳಿದರು.

“ಗುರುಪಾದನ ಜೊತೆ ಒಂದೇ ಕೋಣೆಯಲ್ಲಿದ್ದು ಸಾಕಾಗಿದೆ. ಅವನು ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾನೆಂದು ನನಗೆ ಗೊತ್ತು. ಅವನ ಸೋಮಾರಿತನ ಗೊತ್ತು, ಅವನ ನೆಪಗಳು ಗೊತ್ತು. ನನ್ನವೂ ಅವನಿಗೆ ಗೊತ್ತು. ಇಷ್ಟೆಲ್ಲ ಗೊತ್ತಾದ ಮೇಲೆ ಇಬ್ಬರು ಒಟ್ಟಿಗೆ ಬಾಳುವುದು ಹೇಗೆ? ನನ್ನನ್ನು ಅರಿಯದವರ ನಡುವೆ ಹೊಸದಾಗಿ ಶುರುಮಾಡೋಣ ಅನಿಸಿದೆ. ದಣಿದುಹೋಗಿದ್ದೇನೆ.”

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. “ಕೂತುಕೋ. ಒಂದು ಇಸ್ಪೀಟಿನ ಕತೆ ಇದೆ” ಎಂದರು.

ಸೋಮಲಿಂಗ ಅವರ ಮುಖ ನೋಡಿದ.

“ಮಠದಲ್ಲಿ ಇಸ್ಪೀಟು ಆಡಬಾರದು ಅಂತ ಇದೆ, ಅದರ ಕತೆ ಕೇಳಬಾರದು ಅಂತ ಇಲ್ಲ” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಸಂಗ್ರಾಹಕನಿದ್ದ. ಕೆಲವರು ನಾಣ್ಯ ಕೂಡಿಡುತ್ತಾರೆ, ಕೆಲವರು ಅಂಚೆಚೀಟಿ ಕೂಡಿಡುತ್ತಾರೆ. ಇವನು ಕೂಡಿಟ್ಟದ್ದು ಇಸ್ಪೀಟು ಕಟ್ಟುಗಳನ್ನು. ಅರಮನೆಯವರು ಆಡುತ್ತಿದ್ದ ದುಂಡನೆಯ ಗಂಜೀಫಾ ಎಲೆಗಳಿಂದ ಹಿಡಿದು ಮೊನ್ನೆ ಅಂಗಡಿಗೆ ಬಂದ ಪ್ಲಾಸ್ಟಿಕ್ ಎಲೆಗಳವರೆಗೆ ಅವನ ಬೀರುಗಳಲ್ಲಿ ಇಲ್ಲದ್ದೇ ಇರಲಿಲ್ಲ. ಹಳೆಯ ಎಲೆಯನ್ನು ಮೂಸಿ ನೋಡಿ ಅಂಟು ಯಾವ ಕಾಲದ್ದೆಂದು ಹೇಳುತ್ತಿದ್ದ. ಎಕ್ಕವನ್ನು ನೋಡಿ ಯಾವ ಅಚ್ಚುಕೂಟದ್ದೆಂದು ಹೇಳುತ್ತಿದ್ದ. ಮೂಲೆಯಲ್ಲಿ ಅಂಕೆ ಇಲ್ಲದ ಹಳೇ ಕಾಲದ ಕಟ್ಟು ಕಂಡರೆ ಅವನಿಗೆ ಊಟ ಬೇಡ. ಹೊಸ ಕಟ್ಟುಗಳ ಹೊದಿಕೆ ಹರಿಯಲು ಯಾರನ್ನೂ ಬಿಡುತ್ತಿರಲಿಲ್ಲ. ಮನೆ ತುಂಬ ಇಸ್ಪೀಟು, ಆದರೆ ಆ ಮನೆಯಲ್ಲಿ ಯಾರೂ ಒಂದು ಆಟ ಆಡಿದ್ದಿಲ್ಲ. ಹೆಂಡತಿ ಮೊದಮೊದಲು ಬೈಯುತ್ತಿದ್ದಳು. ಆಮೇಲೆ ಬೈಯುವುದನ್ನೂ ಬಿಟ್ಟಳು, ಬೀರುಗಳ ಧೂಳು ಹೊಡೆಯುವುದನ್ನೂ ಬಿಟ್ಟಳು.

ಅವನು ಒಂದು ಪುಸ್ತಕ ಬರೆಯುತ್ತಿದ್ದ. ಅವನ ಸೀಮೆಯಲ್ಲಿ ಹಿಂದೆ ಒಂದು ಕಲ್ಲಚ್ಚಿನ ಅಚ್ಚುಕೂಟವಿತ್ತು. ಮದುವೆ ಕಾಗದ, ದೇವರ ಪಟ ಅಚ್ಚುಮಾಡುತ್ತ ನಡುನಡುವೆ ಇಸ್ಪೀಟನ್ನೂ ಮಾಡುತ್ತಿತ್ತು. ಅದು ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಅಲ್ಲಿಂದ ಬಂದ ಕಟ್ಟುಗಳನ್ನೆಲ್ಲ ಅವನು ಹುಡುಕಿ ತಂದಿದ್ದ, ಮೊಟ್ಟಮೊದಲನೆಯದರ ಹೊರತು. ಆ ಕಟ್ಟಿನ ರಾಣಿಯರ ಕೈಯಲ್ಲಿ ಹೂವಿನ ಬದಲು ಗಿಣಿ ಇತ್ತಂತೆ. ಜನ ಒಪ್ಪಲಿಲ್ಲವೋ, ಅಚ್ಚಿನ ಕಲ್ಲೇ ಒಡೆಯಿತೋ, ಎರಡನೆಯ ಸಲ ಅಚ್ಚು ಹಾಕುವಾಗ ಗಿಣಿ ಹೋಗಿ ಹೂವು ಬಂದಿತ್ತು. ಗಿಣಿರಾಣಿಯ ಕಟ್ಟನ್ನು ನೋಡಿದ್ದೆ ಎನ್ನುವವರು ಸಿಕ್ಕರು. ನನ್ನ ಹತ್ತಿರ ಇದೆ ಎನ್ನುವವರು ಸಿಗಲಿಲ್ಲ. ಅದಿಲ್ಲದೆ ಪುಸ್ತಕ ಮುಗಿಯುವಂತಿರಲಿಲ್ಲ. ಬಸ್ಸು ಹತ್ತಿ ಇಳಿದು, ಗುಜರಿ ಅಂಗಡಿಗಳ ಧೂಳು ಕುಡಿದು ಅವನ ಮಂಡಿ ಸವೆಯಿತು. ಇದೊಂದು ಸಿಕ್ಕರೆ ಬೀರುಗಳಿಗೆ ಬೀಗ ಜಡಿದು ನೆಮ್ಮದಿಯಾಗಿ ಮಲಗುತ್ತೇನೆ ಎಂದು ದಿನವೂ ಹೇಳಿಕೊಳ್ಳುತ್ತಿದ್ದ. ಆಸೆ ಯಾವತ್ತೋ ಬತ್ತಿತ್ತು. ಹುಡುಕುವುದನ್ನು ನಿಲ್ಲಿಸಲು ಬಾರದೆ ಹುಡುಕುತ್ತಿದ್ದ. ಮನುಷ್ಯನಿಗೆ ಅಂಥ ದಣಿವು ಬರಬಾರದು ಸೋಮಲಿಂಗ, ಅದರಲ್ಲಿ ಅವನು ಎದುರಿಗಿರುವವರನ್ನು ನೋಡುವುದಿಲ್ಲ.

ಕೊನೆಗೆ ಒಂದು ಸಣ್ಣ ಪೇಟೆಯಲ್ಲಿ ಅಂಥ ಕಟ್ಟು ಇದೆ ಎಂದು ಯಾರೋ ಹೇಳಿದರು. ಹೋದ. ಮಕ್ಕಳು ಮರಿ ಸೊಸೆಯಂದಿರು ಗಿಜಿಗುಡುವ ದೊಡ್ಡ ಮನೆ. ಆ ಮನೆಯಲ್ಲಿ ಇಬ್ಬರು ಓರಗಿತ್ತಿಯರಿದ್ದರು, ಅಣ್ಣನ ಹೆಂಡತಿ ಒಬ್ಬಳು, ತಮ್ಮನ ಹೆಂಡತಿ ಒಬ್ಬಳು. ಇಬ್ಬರಿಗೂ ತಲೆ ಬೆಳ್ಳಗಾಗಿತ್ತು. ಒಬ್ಬಳಿಗೆ ಸಾರಿಗೆ ಹುಳಿ ಮುಂದಾಗಿರಬೇಕು, ಇನ್ನೊಬ್ಬಳಿಗೆ ಹುಳಿ ಕಂಡರಾಗದು. ಒಬ್ಬಳು ಬಾಗಿಲು ತೆಗೆದರೆ ಇನ್ನೊಬ್ಬಳು ಮುಚ್ಚುತ್ತಾಳೆ. ಬೇಕೆಂದು ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ, ಒಂದೇ ಒಲೆಯ ಮುಂದೆ ಜೀವಮಾನ ಕಳೆದವರು. ಆದರೂ ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ಇಬ್ಬರೂ ರಮ್ಮಿ ಆಡಲು ಕೂರುತ್ತಿದ್ದರು. ಬೆಳಿಗ್ಗೆ ಮಾತು ಬಿಟ್ಟಿದ್ದರೂ ಮಧ್ಯಾಹ್ನದ ಆಟ ಬಿಡುತ್ತಿರಲಿಲ್ಲ.

ಸಂಗ್ರಾಹಕ ಒಳಗೆ ಬಂದಾಗ ಆಟ ನಡೆದಿತ್ತು. ಹಿರಿಯಾಕೆ ಕೆಳಗಿಟ್ಟ ಎಲೆಯಲ್ಲಿ ರಾಣಿಯ ಕೈಮೇಲೆ ಗಿಣಿ ಕೂತಿತ್ತು. ಅವನು ಚಾಪೆಯ ಅಂಚಿನಲ್ಲಿ ಕೂತು ನೋಡಿದ.

ಬಲ್ಲವನಾದ್ದರಿಂದ ಅವನು ಎಲೆಗಳ ಬೆನ್ನನ್ನೂ ನೋಡಿದ. ಒಂದರ ಮೇಲೆ ಅರಿಸಿನದ ಕಲೆ. ಒಂದರ ಮೇಲೆ ಎಣ್ಣೆ ಬೆರಳಿನ ಗುರುತು. ಒಂದು ಊದುಬತ್ತಿ ತಾಗಿ ಸುಟ್ಟಿತ್ತು, ಒಂದನ್ನು ಯಾವುದೋ ಮಗು ಕಚ್ಚಿತ್ತು. ಕಲೆಯಿಲ್ಲದ ಎಲೆಯೇ ಇರಲಿಲ್ಲ, ಒಂದರ ಕಲೆ ಇನ್ನೊಂದಕ್ಕಿರಲಿಲ್ಲ. ಆಟ ಮುಗಿಯುವಷ್ಟರಲ್ಲಿ ಎಷ್ಟೋ ಎಲೆಗಳನ್ನು ಅವನು ಬೆನ್ನು ನೋಡಿಯೇ ಹೇಳಬಲ್ಲವನಾಗಿದ್ದ. ಇದೇ ಕಟ್ಟಿನಲ್ಲಿ ಆಡುತ್ತ ಮುದುಕಿಯರಾದವರಿಗೆ ಎದುರಿನವಳ ಕೈಯಲ್ಲಿರುವ ಯಾವ ಎಲೆ ತಾನೇ ಗೊತ್ತಿರಲಿಕ್ಕಿಲ್ಲ? ಇದೆಂಥ ಆಟ ಎಂದು ಅವನಿಗೆ ಒಳಗೊಳಗೇ ನಗು ಬಂತು.

ಹಿರಿಯಾಕೆ ಆಟೀನು ಏಳಕ್ಕೆ ಕಾಯುತ್ತಿದ್ದಳು. ಅದು ಕಿರಿಯಾಕೆಯ ಕೈಯಲ್ಲಿತ್ತು, ಸುಟ್ಟ ಬೆನ್ನಿನ ಎಲೆ. ಕಿರಿಯಾಕೆ ಸ್ವಲ್ಪ ಹೊತ್ತು ಯೋಚಿಸಿ ಸರಿಯಾಗಿ ಅದನ್ನೇ ಎತ್ತಿ ಕೆಳಗೆ ಹಾಕಿದಳು. ಹಿರಿಯಾಕೆ ಎತ್ತಿಕೊಂಡು ಗೆದ್ದಳು. ಪಾಪ, ಈಕೆಗೆ ಆಟವೇ ಬರುವುದಿಲ್ಲ ಎಂದುಕೊಂಡ ಸಂಗ್ರಾಹಕ. ಹಿರಿಯಾಕೆಯ ಕಣ್ಣು ಅತ್ತು ಕೆಂಪಗಾಗಿದ್ದನ್ನೂ ಅವನು ನೋಡಿದ್ದ. ಅದು ಅವನ ಸಂಶೋಧನೆಯ ವಿಷಯವಾಗಿರಲಿಲ್ಲ.

ಅವನು ಕೈಮುಗಿದು ಕೇಳಿದ. “ತಾಯಿ, ಈ ಕಟ್ಟು ನನಗೆ ಕೊಡಿ. ಇದಿಲ್ಲದೆ ನನ್ನ ಕೆಲಸ ಮುಗಿಯೋದಿಲ್ಲ. ಬದಲಿಗೆ ಹೊಸ ಕಟ್ಟು ಕೊಡ್ತೀನಿ, ನೀರು ಬಿದ್ರೂ ಏನೂ ಆಗಲ್ಲ. ಇದರ ಬೆನ್ನೆಲ್ಲ ಗುರುತಾಗಿಹೋಗಿದೆ. ನೋಡಿದ ತಕ್ಷಣ ಯಾವ ಎಲೆ ಅಂತ ಗೊತ್ತಾಗುತ್ತೆ. ಇದರಲ್ಲಿ ಆಟ ಏನು ಬಂತು?”

ಓರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿ ತಟ್ಟನೆ ಬೇರೆ ಕಡೆ ತಿರುಗಿದರು.

“ಗುರುತಾ? ನಾನೊಂದಿನ ನೋಡಿಲ್ಲಪ್ಪ” ಎಂದಳು ಹಿರಿಯಾಕೆ.

“ನಂಗಂತೂ ಕಣ್ಣೇ ಸರಿಯಾಗಿ ಕಾಣಲ್ಲ” ಎಂದಳು ಕಿರಿಯಾಕೆ. “ಕೊಟ್ಬಿಡಣ ಅಕ್ಕ. ಪಾಪ, ಅಷ್ಟು ದೂರದಿಂದ ಬಂದವ್ರೆ.”

ಕೊಡುವುದಿಲ್ಲ ಎಂದರೆ ಗುರುತು ನೋಡಿಯೇ ಆಡುತ್ತಿದ್ದೆ ಎಂದು ಒಪ್ಪಿಕೊಂಡಂತೆ. ಇಬ್ಬರಿಗೂ ಅದು ಬೇಡವಾಗಿತ್ತು. ಹಾಗಾಗಿ ಕಟ್ಟು ಕೈ ಬದಲಾಯಿತು. ಸಂಗ್ರಾಹಕ ಹೊಸ ಕಟ್ಟಿನ ಹೊದಿಕೆಯನ್ನು ತಾನೇ ಹರಿದು ಕೊಟ್ಟ. ಅವರಿಗೆ ಉಪಕಾರ ಮಾಡಿದೆ ಎಂದೇ ಅವನು ನಂಬಿದ್ದ.

ಪುಸ್ತಕಕ್ಕೆ ಫೋಟೋ ತೆಗೆಸಬೇಕಿತ್ತು. ರಾಣಿಯರ ಮುಖ ಚೆನ್ನಾಗಿತ್ತು, ಬೆನ್ನು ಮಾತ್ರ ನೋಡಲಾಗದಂತಿತ್ತು. ಹಳೆಯ ಕಾಗದಗಳನ್ನು ಶುಚಿಮಾಡುವ ನಿಪುಣನೊಬ್ಬ ಪಟ್ಟಣದಲ್ಲಿದ್ದ. ಅವನ ಕೈಯಿಂದ ಕಟ್ಟು ಮರಳಿ ಬಂದಾಗ ಅರಿಸಿನ ಹೋಗಿತ್ತು, ಎಣ್ಣೆ ಹೋಗಿತ್ತು. ಸುಟ್ಟ ಕಡೆ, ಕಚ್ಚಿದ ಕಡೆ ಅದೇ ಬಣ್ಣದ ತೇಪೆ ಕೂತು ಗೊತ್ತೇ ಆಗುತ್ತಿರಲಿಲ್ಲ. ಸಂಗ್ರಾಹಕನಿಗೆ ಕಣ್ಣು ತುಂಬಿ ಬಂತು. ಪುಸ್ತಕ ಅಚ್ಚಾಯಿತು, ಬಲ್ಲವರು ನಾಲ್ಕು ಜನ ಹೊಗಳಿದರು. ಅವನು ಬೀರುಗಳಿಗೆ ಬೀಗ ಹಾಕಿ ಮಲಗಿದ. ನೆಮ್ಮದಿ ಬರಲಿಲ್ಲ, ದಣಿವು ಹಾಗೇ ಇತ್ತು. ಕಟ್ಟು ಕೊಟ್ಟವರಿಗೆ ಪುಸ್ತಕದ ಒಂದು ಪ್ರತಿ ಕೊಡದೆ ಇರುವುದಕ್ಕೆ ಹೀಗಾಗುತ್ತಿದೆಯೇನೋ ಅನಿಸಿತು. ಪುಸ್ತಕವನ್ನೂ, ತೋರಿಸಿದರೆ ಖುಷಿಪಟ್ಟಾರೆಂದು ಗಿಣಿರಾಣಿಯ ಕಟ್ಟನ್ನೂ ಚೀಲದಲ್ಲಿ ಹಾಕಿಕೊಂಡು ಹೊರಟ.

ಹೋದಾಗ ಮಧ್ಯಾಹ್ನವೇ. ಹಜಾರದಲ್ಲಿ ಚಾಪೆ ಇರಲಿಲ್ಲ. ಹಿರಿಯಾಕೆ ಒಂದು ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಕಿರಿಯಾಕೆ ಹಿತ್ತಿಲ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಮೊಮ್ಮಕ್ಕಳು ಹೊಸ ಎಲೆಗಳನ್ನು ನಿಲ್ಲಿಸಿ ಮನೆ ಕಟ್ಟುತ್ತಿದ್ದರು. ಆಟ ಇಲ್ಲವೇ ಎಂದು ಸಂಗ್ರಾಹಕ ಕೇಳಿದ.

ಹಿರಿಯಾಕೆ ಬತ್ತಿ ಹೊಸೆಯುತ್ತಲೇ ಹೇಳಿದಳು. “ಕೆಲವು ದಿನ ಆಡಿದ್ವಿ ಸ್ವಾಮಿ. ಆಮೇಲೆ ನನ್ನ ತಮ್ಮ ತೀರ್ಕೊಂಡ. ತಿಥಿ ಮುಗಿಸ್ಕೊಂಡು ಬಂದು, ಮನಸ್ಸಿಗೆ ಸಮಾಧಾನ ಇಲ್ಲ ಅಂತ ಆಡೋಕೆ ಕೂತೆ. ಒಂದಾಟನೂ ಗೆಲ್ಲಲಿಲ್ಲ. ಆವತ್ತು ಹೊಳೀತು. ನಮ್ಮಪ್ಪ ಹೋದಾಗ ಗೆದ್ದಿದ್ದೆ. ಕೂಸು ಹೋದಾಗ ಗೆದ್ದಿದ್ದೆ. ಅತ್ತು ಬಂದು ಕೂತ ದಿನ ಒಂದಿನನೂ ಸೋತಿರ್ಲಿಲ್ಲ. ಗುರುತು ನನಗೊಬ್ಬಳಿಗೇ ಗೊತ್ತು ಅಂದ್ಕೊಂಡಿದ್ದೆ. ಅವಳು ಮುಖ ಸಣ್ಣಗೆ ಮಾಡ್ಕೊಂಡು ಬಂದ ದಿನ ಅವಳಿಗೆ ಬೇಕಾದ ಎಲೆ ನಾನು ಹಾಕ್ತಿದ್ದೆ. ಅವಳೂ ಹಂಗೇ ಹಾಕ್ತಾಳೆ ಅಂತ ನಂಗೇನು ಗೊತ್ತು? ನಾನೇ ಚೆನ್ನಾಗಿ ಆಡ್ತೀನಿ ಅಂದ್ಕೊಂಡಿದ್ದೆ.”

“ನಾನೂ ಹಂಗೇ ಅಂದ್ಕೊಂಡಿದ್ದೆ ಬಿಡಕ್ಕ” ಎಂದಳು ಕಿರಿಯಾಕೆ, ಮೊರದಿಂದ ತಲೆ ಎತ್ತದೆ.

“ಹೊಸ ಎಲೇಲಿ ಸೋಲೋಣ ಅಂದ್ರೂ ಆಗಲ್ಲ ಸ್ವಾಮಿ. ಅವಳಿಗೆ ಯಾವುದು ಬೇಕೋ ಯಾರಿಗೆ ಗೊತ್ತು? ಬಾಯಿಬಿಟ್ಟು ಸಮಾಧಾನ ಹೇಳಿ ನಮಗಿಬ್ಬರಿಗೂ ಅಭ್ಯಾಸ ಇಲ್ಲ. ನಿಮ್ಮ ಕೆಲಸ ಮುಗಿದಿದ್ರೆ ಆ ಹಳೇ ಕಟ್ಟು ವಾಪಸ್ಸು ಕೊಡ್ತೀರಾ?”

ಅವನು ಕೊಡಲು ಸಿದ್ಧನಿದ್ದ. ಅದನ್ನು ನೀನು ನಂಬಬೇಕು. ಬೀರುಗಳಲ್ಲಿ ಇದ್ದದ್ದನ್ನೆಲ್ಲ ಕೇಳಿದ್ದರೂ ಆ ಹೊತ್ತಿನಲ್ಲಿ ಕೊಟ್ಟುಬಿಡುತ್ತಿದ್ದ. ಆದರೆ ಚೀಲದೊಳಗೆ ಹೋದ ಕೈ ಹೊರಗೆ ಬರಲು ತುಂಬ ಹೊತ್ತು ಹಿಡಿಯಿತು.

ಕಿರಿಯಾಕೆ ಮೊರ ಬದಿಗಿಟ್ಟು ಬಂದು ಕೂತಳು. ಹಿರಿಯಾಕೆ ಕಟ್ಟು ಬಿಚ್ಚಿ ಎಲೆಗಳನ್ನು ಬೋರಲು ಹರಡಿದಳು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಕೊಟ್ಟಳು. ಕಿರಿಯಾಕೆ ನೋಡಿ ಕೆಳಗಿಟ್ಟಳು. ಎಲ್ಲ ಬೆನ್ನೂ ಒಂದೇ ಥರ ಇದ್ದವು. ಈ ಸೀಮೆಯ ಅಷ್ಟೂ ಕಟ್ಟುಗಳನ್ನು ಓದಿದವನು ಆ ಇಬ್ಬರ ನಡುವೆ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಆದ ನಾಚಿಕೆ ಹೇಳತೀರದು.

“ತುಂಬ ಚೊಕ್ಕಟ ಮಾಡ್ಸಿದೀರ” ಎಂದಳು ಹಿರಿಯಾಕೆ. ಎಲೆಗಳನ್ನು ಕೂಡಿಸಿ, ಅಂಚು ಸರಿಮಾಡಿ ಅವನ ಮುಂದೆ ಇಟ್ಟಳು. “ಇದು ಮತ್ತೆ ಕೊಳೆಯಾಗೋಷ್ಟು ದಿನ ನಮಗೆ ಉಳಿದಿಲ್ಲ. ನೀವೇ ಇಟ್ಕೊಳಿ. ಸಾಕಮ್ಮ, ಇವ್ರಿಗೆ ಕಾಫಿ ತಾ” ಎಂದು ಕಿರಿಯಾಕೆಗೆ ಹೇಳಿದಳು.

ಅವನು ಕಾಫಿ ಕುಡಿದ. ಪುಸ್ತಕ ಕೊಡಲು ಮನಸ್ಸು ಬರಲಿಲ್ಲ. ಎದ್ದು ಹೊರಟ.

ಗುರುಗಳು ಮಾತು ನಿಲ್ಲಿಸಿ ಕಾಲು ಮಡಿಸಿಕೊಂಡರು. ಹೊರಗೆ ಬಾವಿಕಟ್ಟೆಯಲ್ಲಿ ಗುರುಪಾದ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆ ದಿನದ ಪಾತ್ರೆಯ ಸರದಿ ಸೋಮಲಿಂಗನದು.

“ಅವರಿಬ್ಬರೂ ಮತ್ತೆ ಆಡಲೇ ಇಲ್ಲವೇ?” ಎಂದು ಸೋಮಲಿಂಗ ಕೇಳಿದ.

“ನನಗೆ ತಿಳಿಯದು” ಎಂದರು ಗುರುಗಳು. “ನಿನಗೆ ಅಪ್ಪಣೆ ಇದೆ, ನಾಳೆಯೇ ಹೊರಡು, ನಿನ್ನ ಕೆಟ್ಟ ದಿನಗಳಲ್ಲೆಲ್ಲ ಗುರುಪಾದನೊಡನೆ ಜಗಳವಾದರೆ ನೀನೇ ಹೇಗೆ ಗೆಲ್ಲುತ್ತಿದ್ದೆ ಎಂಬುದನ್ನು ಮಾತ್ರ ದಾರಿಯಲ್ಲಿ ಯೋಚಿಸು.”

ಸೋಮಲಿಂಗ ಎದ್ದು ಬಾವಿಕಟ್ಟೆಯ ಕಡೆ ನಡೆದ.